ನಗಿಸಿದ ದೆವ್ವ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಂಬೀ ಐದು ಊರುಗಳು ಮೊದಲು ಬಳ್ಳಾರಿ ಸೀಮೆಗೆ ಸೇರಿದ್ದು, ೨೦೨೧ನೆಯ ಇಸವಿಯಿಂದೀಚೆಗೆ ವಿಜಯನಗರ ಜಿಲ್ಲೆಗೆ ಒಳಪಟ್ಟಿರುವುವು. ಇವುಗಳಲ್ಲಿ ಹರಪನಹಳ್ಳಿಯೊಂದು ಮಾತ್ರ ೧೯೯೭ರಲ್ಲಿ ದಾವಣಗೆರೆಗೆ ಹೋಗಿದ್ದು, ೨೦೧೮ರಲ್ಲಿ ತೌರಿಗೆ ಮರಳಿದ ಮಗಳಂತೆ ಬಳ್ಳಾರಿಯನ್ನು ಸೇರಿ, ಆಮೇಲೆ ಒಡಹುಟ್ಟಿದವರ ಜೊತೆಯಲ್ಲಿಯೇ ಹೊಸ ಜಿಲ್ಲೆಗೆ ನಡೆಯಿತು. ಕೆಂಪು ಮಸಾರಿ, ಕರಿಯ ಎರೆ, ನಡುನಡುವೆ ಬಂಡೆಗಳ ಗುಡ್ಡ. ಮಳೆ ಕಡಮೆ, ಮಾತು ಧಾರಾಳ. ಸಂಚಾರಿಗೆ ಬಾಗಳಿ, ಕುರುವತ್ತಿಗಳ ಶಿಲ್ಪವನ್ನು ನೋಡಿಯೇ ಮುಗಿಯಲಾರದು. ಆದರೆ ನಾನು ಈ ಸಲ ಅರಸಿಕೊಂಡು ಹೋದದ್ದು ಗುಡಿಗಳನ್ನಲ್ಲ, ಒಂದು ಚಲಚ್ಚಿತ್ರವನ್ನು ಕಂಡವರ ಅಭಿಪ್ರಾಯಗಳನ್ನು. ಹೀಗೆಂದರೆ ವಾಚಕರು ನಕ್ಕಾರು. ನಗಲಿ, ವಿಷಯವೂ ನಗೆಯದೇ ಆಗಿರುತ್ತದೆ.

ಆ ಚಿತ್ರದ ಹೆಸರು ‘ಸು ಫ್ರಮ್ ಸೋ’. ಸೋಮೇಶ್ವರದಿಂದ ಬಂದ ಸುಲೋಚನೆ ಎಂಬುದರ ಮೊಟಕು ರೂಪ. ೨೦೨೫ನೆಯ ಜುಲೈ ೨೫ರಂದು ತೆರೆಗೆ ಬಂದ ಇದನ್ನು ಬರೆದು, ನಿರ್ದೇಶಿಸಿ, ನಾಯಕನ ಪಾತ್ರವನ್ನೂ ವಹಿಸಿದವರು ಕಾಸರಗೋಡು ಸೀಮೆಯ ಜೆ. ಪಿ. ತುಮಿನಾಡು ಅವರು. ಅಲ್ಪ ವೆಚ್ಚದಲ್ಲಿ ತಯಾರಾದ ಚಿತ್ರವು ನೂರು ಕೋಟಿ ರೂಪಾಯಿಗೂ ಮೀರಿ ಗಳಿಸಿತೆಂದು ಪತ್ರಿಕೆಗಳು ಬರೆದವು. ಕಥೆ ಇಷ್ಟೇ: ಕರಾವಳಿಯ ಹಳ್ಳಿಯೊಂದರಲ್ಲಿ ಅಶೋಕನೆಂಬ ತರುಣನು ಪರರ ಸ್ನಾನದ ಮನೆಯತ್ತ ಇಣುಕಹೋಗಿ ಸಿಕ್ಕಿಬಿದ್ದು, ಏಟು ತಪ್ಪಿಸಿಕೊಳ್ಳುವುದಕ್ಕಾಗಿ ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಊರು ನಂಬುತ್ತದೆ. ದೆವ್ವಕ್ಕೆ ಸುಲೋಚನೆಯೆಂಬ ಹೆಸರು ಅಂಟಿಕೊಳ್ಳುತ್ತದೆ. ಊರಿಗೆಲ್ಲ ಧೈರ್ಯ ಹೇಳುವ ರವಿಯಣ್ಣನೂ ಕಂಗೆಡುತ್ತಾನೆ, ಬಿಡಿಸುವುದಕ್ಕೆ ಕರುಣಾಕರ ಗುರೂಜಿ ಬರುತ್ತಾನೆ (ಈ ವೇಷ ರಾಜ್ ಬಿ. ಶೆಟ್ಟಿ ಅವರದು). ಕಡೆಯ ಭಾಗದಲ್ಲಿ ಸುಲೋಚನೆಯ ಮಗಳು ಭಾನು ಕಾಣಿಸಿಕೊಂಡು, ನಗೆಯ ಕೆಳಗೆ ಒಂದು ಹೆಣ್ಣಿನ ಸಂಕಟವಿತ್ತೆಂಬುದು ಬೆಳಕಿಗೆ ಬರುತ್ತದೆ.

ಕೂಡ್ಲಿಗಿಯಲ್ಲಿ ಮಹಾತ್ಮರ ಚಿತಾಭಸ್ಮದ ಸ್ಮಾರಕವನ್ನು ದರ್ಶನಮಾಡಿಕೊಂಡು ಚಹದಂಗಡಿಯೊಂದರಲ್ಲಿ ವಿಚಾರಿಸಲಾಗಿ, ಇಬ್ಬರು ಗೆಳೆಯರಲ್ಲಿಯೇ ಭಿನ್ನಮತ ಕಂಡುಬಂದಿತು. ಹೊಸಪೇಟೆಯ ಚಿತ್ರಮಂದಿರದಲ್ಲಿ ನೋಡಿದವನು ಹೊಟ್ಟೆ ಹುಣ್ಣಾಗುವಂತೆ ನಕ್ಕೆನೆಂದನು. ತಿಂಗಳೆರಡು ಕಳೆದ ಮೇಲೆ ಮನೆಯಲ್ಲಿ ಒಬ್ಬನೇ ಮೊಬೈಲಿನಲ್ಲಿ ನೋಡಿದವನಿಗೆ ಅಷ್ಟೇನೂ ನಗೆ ಬರಲಿಲ್ಲವಂತೆ, ಒಂದೆರಡು ಕಡೆ ಮೈ ಜುಮ್ಮೆಂದಿತಂತೆ. ಚಿತ್ರ ಒಂದೇ. ನಗೆಗೆ ಜೊತೆ ಬೇಕು, ಭಯಕ್ಕೆ ಏಕಾಂತ ಬೇಕು. ಮೊಬೈಲಿನಲ್ಲಿ ನೋಡಿ ಚೆನ್ನಾಗಿಲ್ಲವೆನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.

ಭಯವು ನಗೆಯಾಗುವುದಕ್ಕೆ ಕಾಲವೂ ಬೇಕೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವುಂಟು. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ನಾಡಿನ ಅನೇಕ ಹಳ್ಳಿಗಳಲ್ಲಿಯೂ ಇರುಳು ಕದ ತಟ್ಟುವ ಹೆಣ್ಣುದೆವ್ವಕ್ಕೆ ಹೆದರಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನಾನಿದ್ದ ಶಾಲೆಯಲ್ಲಿ ಆಗ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ಅದೇ ಭಯವನ್ನು ಹಿಂದಿಯವರು ೨೦೧೮ರಲ್ಲಿ ‘ಸ್ತ್ರೀ’ ಎಂಬ ಹಾಸ್ಯಚಿತ್ರವನ್ನಾಗಿ ಮಾಡಿ, ಕಥೆಯನ್ನು ಮಧ್ಯಪ್ರದೇಶದ ಚಂದೇರಿಯಲ್ಲಿರಿಸಿ, ಹಣ ಸಂಪಾದಿಸಿದರು. ಸುಣ್ಣ ನಮ್ಮದು, ಲಾಭ ಅವರದು!

ಕೊಟ್ಟೂರಿನಲ್ಲಿ ಗುರುಕೊಟ್ಟೂರೇಶ್ವರನ ಗುಡಿಯ ಬೀದಿಯಲ್ಲಿ ಕೇಳಿದ ದೂರು ಭಾಷೆಯದು. ಕರಾವಳಿಯ ಕನ್ನಡ ತಮಗೆ ಅರ್ಧ ತಿಳಿಯಿತೆಂದು ಬಟ್ಟೆಯಂಗಡಿಯ ಯಜಮಾನರು ಹೇಳಿದರು. ತಿಳಿಯದಿದ್ದ ಅರ್ಧಕ್ಕೇ ಹೆಚ್ಚು ನಕ್ಕಿದ್ದೀರೆಂದು ಅವರ ಮಡದಿ ತಿದ್ದಿದರು. ಈಗ ಆ ಮನೆಯ ಮಕ್ಕಳು ಮಾತಿಗೊಮ್ಮೆ ‘ಮಾರಾಯ’ ಎನ್ನುವುದನ್ನು ಕಿವಿಯಾರೆ ಕೇಳಿದೆನು.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೊಸಪೇಟೆ–ಹರಿಹರ ಮಾರ್ಗದ ರೈಲುಂಟು. ಅಲ್ಲಿ ಬಯಲಾಟದಲ್ಲಿ ಬಹುಕಾಲ ರಕ್ಕಸವೇಷ ಕಟ್ಟಿದ ವೃದ್ಧರೊಬ್ಬರ ಭೇಟಿಯಾಯಿತು. ಈ ಚಿತ್ರದಲ್ಲಿ ಹೊಸದೇನೂ ಇಲ್ಲವೆಂಬುದು ಅವರ ಮತ. ದೊಡ್ಡಾಟದಲ್ಲಿ ರಕ್ಕಸನು ಕೂಗಿ ಕುಣಿದು ರಂಗಕ್ಕೆ ಬಂದೊಡನೆ ಮಕ್ಕಳು ತಾಯಂದಿರ ಸೆರಗಿನೊಳಗೆ ಸೇರುವುವು. ಮರುಕ್ಷಣವೇ ಸಾರಥಿಯು ನೀ ಯಾರಪ್ಪಾ ಎಂದು ವಿಚಾರಣೆಗೆ ತೊಡಗಿ ಅದೇ ಮಕ್ಕಳನ್ನು ನಗಿಸುವನು. ಹೆದರಿಸುವವನ ಬೆನ್ನಿಗೇ ನಗಿಸುವವನಿರಬೇಕು, ಇಲ್ಲದಿದ್ದರೆ ಜನ ಬೆಳಗಿನ ತನಕ ಕೂಡುವುದಿಲ್ಲವೆಂದು ಅವರ ಅನುಭವ.

ಶಾಸ್ತ್ರವಾದರೋ ಬೇರೆ ಹೇಳುತ್ತದೆ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹಾಸ್ಯಕ್ಕೂ ಭಯಾನಕಕ್ಕೂ ಪರಸ್ಪರ ವಿರೋಧವನ್ನು ಹೇಳಿರುವನು. ಆದರೆ ಅವನಿಗಿಂತ ಬಹು ಹಿಂದಿನ ಭರತಮುನಿಯು ರಸಗಳಿಗೆ ಅಧಿದೇವತೆಗಳನ್ನು ಹಂಚುವಾಗ ಭಯಾನಕಕ್ಕೆ ಕಾಲನನ್ನೂ, ಹಾಸ್ಯಕ್ಕೆ ಪ್ರಮಥರನ್ನೂ ಇರಿಸಿದನು. ಪ್ರಮಥರೆಂದರೆ ಯಾರು? ಸ್ಮಶಾನವಾಸಿಯಾದ ಶಿವನ ಭೂತಗಣ! ನಗೆಗೆ ಒಡೆಯರು ಭೂತಗಳೇ ಎಂದಮೇಲೆ ದೆವ್ವದ ಕಥೆಯಲ್ಲಿ ನಕ್ಕವರನ್ನು ಅರಸಿಕರೆನ್ನುವುದು ಹೇಗೆ? ನಾನು ಬಯಲಾಟದ ಹಿರಿಯರ ಪಕ್ಷದವನು.

ಹಡಗಲಿಗೆ ಹೋದಾಗ ಮಾತಿನ ಧಾಟಿಯೇ ಬದಲಾಯಿತು. ಅಲ್ಲಿಯ ಮಲ್ಲಿಗೆ ಲೋಕಪ್ರಸಿದ್ಧ. ಮನೆಯೊಂದರ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದ ನಾಲ್ವರು ಸ್ತ್ರೀಯರನ್ನು ಕೇಳಲಾಗಿ, ಎಲ್ಲರಿಗಿಂತ ಹಿರಿಯಳು ನೂಲಿನಿಂದ ಕಣ್ಣೆತ್ತದೆ, ಇಣುಕಿ ನೋಡಿದವನನ್ನು ದೆವ್ವವೆಂದು ಎಲ್ಲರೂ ಉಪಚರಿಸಿದರು, ಒಳಗೆ ನೀರು ಹೊಯ್ದುಕೊಳ್ಳುತ್ತಿದ್ದವಳನ್ನು ಯಾರು ಕೇಳಿದರು, ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಕೆಯ ಸೊಸೆ ಒಪ್ಪಲಿಲ್ಲ. ಆ ಸುಳ್ಳು ದೆವ್ವವೇ ಕೊನೆಗೆ ಭಾನುವಿನ ನೆರವಿಗೆ ಬಂದಿತಲ್ಲವೆ, ಬದುಕಿದ್ದವರಾರೂ ಬರಲಿಲ್ಲವಲ್ಲ, ಎಂದು ವಾದಿಸಿದಳು. ಮೂರನೆಯವಳು ಹೇಳಿದ ಮಾತು ಇನ್ನೂ ತೂಕದ್ದು: ದೆವ್ವ ಬಂದದ್ದು ಗಂಡಸಿನ ಮೈಮೇಲೆ, ಅದಕ್ಕೇ ನಗೆ ಬಂದಿತು, ಹೆಂಗಸಿನ ಮೈಮೇಲೆ ಬಂದಿದ್ದರೆ ನಮಗೆ ನಗಲಾಗುತ್ತಿರಲಿಲ್ಲ, ಬಿಡಿಸುವ ಬಗೆಯನ್ನು ಕಣ್ಣಿನಿಂದ ಕಂಡವರು ನಾವು. ಬೇವಿನ ಬರಲು, ಮೆಣಸಿನಕಾಯಿಯ ಹೊಗೆ, ಜಡೆ ಹಿಡಿದು ಎಳೆಯುವುದು. ಇವನ್ನೆಲ್ಲ ಆಕೆ ಎಣಿಸುತ್ತಿದ್ದಾಗ ನಾಲ್ಕನೆಯವಳು ಸುಮ್ಮನೆ ಹೂ ಕಟ್ಟುತ್ತಿದ್ದಳು.

ಇದೇ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಬಳಿಕ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ವಾಕ್ಯದ್ದು. ರೈತನು ಅದರಲ್ಲಿ ಮಳೆಯನ್ನು ಕಾಣುವನು, ವರ್ತಕನು ಧಾರಣೆಯನ್ನು, ರಾಜಕಾರಣಿಯು ತನ್ನ ಗದ್ದುಗೆಯನ್ನು. ಚಿತ್ರಕ್ಕೂ ಅದೇ ಗತಿಯೆಂದು ನಾನು ದಾರಿಯಲ್ಲಿ ಯೋಚಿಸಿದೆನಾದರೂ, ಆ ಜಗುಲಿಯ ಮಾತುಗಳನ್ನು ಬರಿಯ ರುಚಿಭೇದವೆಂದು ತಳ್ಳಿಹಾಕಲು ಮನಸ್ಸೊಪ್ಪಲಿಲ್ಲ. ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ನಮ್ಮ ರಾಜ್ಯದಲ್ಲಿ ದಂಡನಾರ್ಹ ಅಪರಾಧ. ೨೦೧೭ರಲ್ಲಿ ಆದ ಆ ಕಾಯಿದೆ ೨೦೨೦ರಿಂದ ಜಾರಿಯಲ್ಲಿದೆ. ಹೂ ಕಟ್ಟುವವರಿಗೆ ಇದನ್ನು ತಿಳಿಸಿದಾಗ, ಅಂಥ ಕಾಯಿದೆಯುಂಟೆಂಬುದನ್ನು ಕೇಳಿದ್ದು ಅವರಿಗೆ ಅದೇ ಮೊದಲು. ಗುರೂಜಿಯ ಬೂಟಾಟಿಕೆಯನ್ನು ಮಾತ್ರ ನಾಲ್ವರೂ ಬಲ್ಲರು.

ಹರಪನಹಳ್ಳಿಯಲ್ಲಿ ಕಾಲ ಸಾಲದೆ ಹೆಚ್ಚು ಜನರನ್ನು ಕಾಣಲಾಗಲಿಲ್ಲ. ಬಸ್ಸಿನ ನಿಲ್ದಾಣದಲ್ಲಿ ಪಕ್ಕದಲ್ಲಿ ಕುಳಿತ ವೃದ್ಧ ರೈತನೊಬ್ಬನು ಮೊಮ್ಮಕ್ಕಳೊಡನೆ ಚಿತ್ರ ನೋಡಿದ್ದನಂತೆ. ನಗೆ ಬಂದಿತೇ ಎಂದು ಕೇಳಿದೆನು. ಬಂದಿತು, ಆದರೆ ನಡುವೆ ಎದ್ದು ಹೊರಗೆ ಹೋಗಿ ಬೀಡಿ ಸೇದಿ ಬಂದೆ, ಎಂದನು. ಆತನ ಯೌವನದಲ್ಲಿ ನೆರೆಮನೆಯ ಬಾಣಂತಿಯೊಬ್ಬಳಿಗೆ ದೆವ್ವ ಬಿಡಿಸುತ್ತೇವೆಂದು ಇರುಳೆಲ್ಲ ಬಡಿದಿದ್ದರಂತೆ. ಆಕೆ ಬದುಕಿದಳು, ಮಾತು ಮಾತ್ರ ಕಡಮೆಯಾಯಿತು. ಬಡಿದವರ ಮನೆಯವರು ಈಗಲೂ ಅದೇ ಕೇರಿಯಲ್ಲಿದ್ದಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಚಿತ್ರವನ್ನು ಊರ ಜಾತ್ರೆಯಲ್ಲಿ ಬಯಲಿನಲ್ಲಿ ಪರದೆ ಕಟ್ಟಿ ತೋರಿಸುವುದಕ್ಕೆ ಯಾರನ್ನು ಕೇಳಬೇಕೆಂದು ನನ್ನನ್ನು ವಿಚಾರಿಸಿದನು. ಜಿಲ್ಲೆಯ ವಾರ್ತಾ ಇಲಾಖೆಯನ್ನು ಕೇಳಿ ನೋಡೆಂದೆನು. ಅಷ್ಟರಲ್ಲಿ ಅವನ ಬಸ್ಸು ಬಂದಿತು. ಪರದೆಯ ಖರ್ಚು ತನ್ನದೇ ಎಂದು ಮೆಟ್ಟಿಲ ಮೇಲೆ ನಿಂತು ಕೂಗಿ ಹೇಳಿದನು.