ಒಲೆಯ ಮುಂದಿನ ಜಗಳ

ರೊಟ್ಟಿ ಬಡಿಯುತ್ತಾ ಮನಸ್ಸಿನೊಳಗೇ ಯಾರೊಡನೆಯಾದರೂ ಜಗಳವಾಡಿದ್ದೀರಾ? ನಾನು ಎಂಟು ತಿಂಗಳು ಆಡಿದ್ದೇನೆ.

ನನ್ನ ತವರು ಸವಣೂರು. ಆಪಾರನ್ನು ಶಿಗ್ಗಾವಿಗೆ ಕೊಟ್ಟರು, ನನ್ನನ್ನು ಹಾನಗಲ್ಲಿಗೆ. ಹಿರೇಕೆರೂರಿನಲ್ಲಿ ಅಣ್ಣನ ಮಗಳ ನಿಕಾಹ್ ದಿನ ಆಪಾ ನನಗೆ ಒಂದು ಸಲಾಮ್ ಕೂಡ ಹೇಳದೆ ಮಗನ ಗಾಡಿ ಹತ್ತಿ ಹೊರಟುಬಿಟ್ಟರು. ಅಮ್ಮಿಯ ಬಳೆಗಳು ನನಗೆ ಬಂದದ್ದಕ್ಕೇ ಈ ಕೋಪ ಎಂದು ನಾನು ತೀರ್ಮಾನಿಸಿದೆ. ಅಂದಿನಿಂದ ಒಲೆಯ ಮುಂದೆ ದಿನವೂ ವಾದ. "ನಿನಗೆ ಬಳೆ ಬೇಕಿತ್ತು, ಅಮ್ಮಿಯ ಆರೈಕೆ ಬೇಕಿರಲಿಲ್ಲ" ಎಂದು ಆಪಾ ತಮ್ಮದೇ ದನಿಯಲ್ಲಿ ಚುಚ್ಚುತ್ತಿದ್ದರು. ಒಮ್ಮೆ ನಾನು ಅತ್ತೇಬಿಟ್ಟೆ. ನರ್ಸಿಂಗ್ ಓದುವ ಮಗಳು ಕಾರಣ ಕೇಳಿದಳು. ಹೇಳಿದೆ. ಅವಳು ನಗಲಿಲ್ಲ, ಪುಸ್ತಕ ತಂದಳು.

ಬೇರೆಯವರ ಮಾತು ನಮ್ಮೊಳಗೆ ಬರುವುದು ಕಿವಿಯಿಂದ. ತಮಟೆ ಅದುರುತ್ತದೆ, ಒಳಕಿವಿ ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ, ಅದು ಮಿದುಳಿನ ಪಕ್ಕದಲ್ಲಿರುವ ಕೇಳುವ ಭಾಗವನ್ನು ತಲುಪುತ್ತದೆ. ಮನಸ್ಸಿನ ಮಾತಿನ ದಾರಿ ಬೇರೆ. ಅದು ಹೊರಡುವುದು ಮಾತನ್ನು ತಯಾರಿಸುವ ಭಾಗಗಳಿಂದ. ಅವುಗಳಲ್ಲಿ ಒಂದನ್ನು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಗುರುತಿಸಿದರು. ನಾಲಿಗೆಗೆ ಅಪ್ಪಣೆ ತಯಾರಾಗುತ್ತದೆ, ಆದರೆ ಬಾಯಿಗೆ ಬರುವ ಮೊದಲೇ ತಡೆಯಲಾಗುತ್ತದೆ. ಅದರ ಒಂದು ನಕಲು ಕೇಳುವ ಭಾಗಕ್ಕೆ ಹೋಗುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಶಬ್ದವಿಲ್ಲದಿದ್ದರೂ ಕೇಳಿದಂತೆ ಅನಿಸುವುದು ಅದಕ್ಕೇ. ನಿಜವಾಗಿ ಕೇಳಿದಾಗ ಎಚ್ಚರಗೊಳ್ಳುವಷ್ಟು ಆ ಭಾಗ ಆಗ ಎಚ್ಚರಗೊಳ್ಳುವುದಿಲ್ಲ.

2025ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋದರು. ಮಾತು ಕಷ್ಟವಾಗಿದ್ದ ನಾಲ್ವರು ಮನಸ್ಸಿನಲ್ಲೇ ಆಡಿದ ಪದಗಳನ್ನು ಅವರ ಮಿದುಳಿನ ಸಂಕೇತಗಳಿಂದಲೇ ಕಂಪ್ಯೂಟರ್ ಓದಿತು. ಆ ಸಂಕೇತಗಳು ಸಿಕ್ಕಿದ್ದು ಕೇಳುವ ಭಾಗದಲ್ಲಲ್ಲ, ಬಾಯಿ ನಾಲಿಗೆಗಳನ್ನು ಆಡಿಸುವ ಭಾಗದಲ್ಲಿ. ಮಾತನಾಡಲು ಯತ್ನಿಸಿದಾಗ ಕಾಣುವಂಥವೇ, ಸ್ವಲ್ಪ ಕ್ಷೀಣ ಅಷ್ಟೆ. (ಝುಹರ್, ಅಸರ್ ನಮಾಝ್‌ಗಳಲ್ಲಿ ಮೆಲ್ಲಗೆ ಓದುವಾಗಲೂ ತುಟಿ ನಾಲಿಗೆ ಆಡಬೇಕೆಂದು ಮದ್ರಸದಲ್ಲಿ ಉಸ್ತಾದರು ಗದರಿಸುತ್ತಿದ್ದುದು ನನಗೆ ನೆನಪಾಯಿತು.)

"ಅಂದರೆ ದೊಡ್ಡಮ್ಮನ ಮಾತನ್ನೂ ನೀನೇ ಆಡಿದ್ದು" ಎಂದಳು ಮಗಳು. ನನಗೆ ಸಿಟ್ಟು ಬಂತು. ಆದರೆ ಯೋಚಿಸಿದರೆ, ಎಂಟು ತಿಂಗಳಲ್ಲಿ ನನ್ನ ಕಿವಿಗೆ ಆಪಾರ ಒಂದು ಪದವೂ ಬಿದ್ದಿರಲಿಲ್ಲ! ಸೂರಃ ಅಲ್ ಹುಜುರಾತ್‌ನಲ್ಲಿ ಗುಮಾನಿಯ ಬಗ್ಗೆ ಬಂದಿರುವ ಎಚ್ಚರಿಕೆಯನ್ನು ಎಷ್ಟು ಸಲ ಓದಿದ್ದೆನೋ. ಅದು ನನ್ನ ಒಲೆಯ ಮುಂದೆಯೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ರಮಝಾನ್‌ಗೆ ಎರಡು ದಿನ ಮೊದಲು ಫೋನ್ ಮಾಡಿದೆ. ಮೊದಲು ಯಾರೋ ಅಂದುಕೊಂಡೆ. ದನಿ ಬಿದ್ದುಹೋಗಿತ್ತು, ಹಲ್ಲಿನ ಸೆಟ್ಟು ಇನ್ನೂ ಹೊಂದಿಕೆಯಾಗದೆ ಮಾತು ತೊದಲುತ್ತಿತ್ತು. ನನ್ನ ತಲೆಯೊಳಗಿನ ಆಪಾ ನಲವತ್ತು ದಾಟಿರಲಿಲ್ಲ.

ನಿಕಾಹ್ ದಿನ ಅವರಿಗೆ ತಲೆ ಸುತ್ತಿತ್ತಂತೆ. ಮದುವೆಮನೆಯಲ್ಲಿ ಗಾಬರಿ ಬೇಡವೆಂದು ಯಾರಿಗೂ ಹೇಳದೆ ಮಗನ ಜೊತೆ ಡಾಕ್ಟರ ಬಳಿ ಹೋಗಿದ್ದರು. ಬಳೆಯ ಮಾತೆತ್ತಿದರೆ, "ಯಾವ ಬಳೆ?" ಎಂದರು.

"ಅದನ್ನು ನನಗಾದರೂ ಹೇಳಬಾರದಿತ್ತೇ?" ಎಂದು ನಾನು ರೇಗಿದೆ. ಆಪಾ ತಟ್ಟನೆ ಕೊಟ್ಟ ಉತ್ತರ, ಅಷ್ಟು ದಿನಗಳ ನನ್ನ ಜಗಳದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ನೀನ್ಯಾಕೆ ಕೇಳಲಿಲ್ಲ ಮುನ್ನೀ?"