ಕನದ್, ಕನದ್!

ಮಸ್ಕತ್ತಿಗೆ ಬಂದು ನಾಲ್ಕು ತಿಂಗಳಾಯ್ತು, ವಾರದ ಲೆಕ್ಕ ಮಾತ್ರ ಇನ್ನೂ ತಲೆಗೆ ಹತ್ತಿಲ್ಲ. ಒಮಾನಿನಲ್ಲಿ 2013ರಿಂದ ಶುಕ್ರವಾರ, ಶನಿವಾರ ರಜೆ. ಭಾನುವಾರ ನಾನು ಆಫೀಸಿನಲ್ಲಿ ಬಗ್ ಹುಡುಕುತ್ತಾ ಕೂತಿರುವಾಗಲೇ ಕುಂದಾಪುರದಿಂದ ಅಮ್ಮನ ಫೋನು. "ಆಮೇಲ್ ಮಾಡ್ತೆ ಅಮ್ಮ" ಅಂತ ಇಟ್ಟರೆ, ಆ ಆಮೇಲೆ ಬರುವುದು ಮುಂದಿನ ಭಾನುವಾರವೇ...

ಮೊನ್ನೆ ಶುಕ್ರವಾರ ಮುತ್ರಾದ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ಕಡಲ ಬದಿಯಲ್ಲೇ 2017ರಲ್ಲಿ ಶುರುವಾದ ಹೊಸ ಕಟ್ಟಡ. ನಮ್ಮೂರ ಮಾರ್ಕೆಟ್ಟಿನ ಹಾಗೆ ಪ್ಯಾಂಟಿಗೆ ನೀರು ಹಾರುವುದಿಲ್ಲ, ಚೌಕಾಸಿ ಮಾತ್ರ ಅದೇ! ಹಿಂದಿನಿಂದ ಯಾರೋ "ಕನ್ನಡ, ಕನ್ನಡ" ಅಂದ ಹಾಗಾಯ್ತು. ಗಬಕ್ಕನೆ ತಿರುಗಿದೆ. ಕುಮ್ಮಾ ಟೊಪ್ಪಿಯ ಅಜ್ಜನೊಬ್ಬ ಮೀನು ಎತ್ತಿ ಹಿಡಿದು "ಕನದ್, ಕನದ್" ಅನ್ನುತ್ತಿದ್ದ. ನೋಡಿದರೆ ನಮ್ಮ ಅಂಜಲ್! ಇಲ್ಲಿನ ಅರಬಿಯಲ್ಲಿ ಅದರ ಹೆಸರೇ ಹಾಗೆ :-)

ನಗು ಬಂತು, ಯಾಕೋ ಕಣ್ಣೂ ತುಂಬಿತು. ಅಲ್ಲೇ ಕಾರ್ನಿಶ್ ಕಟ್ಟೆಯ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ.

"ಶುಕ್ರವಾರ ಎಂತಕ್ಕೆ ಫೋನ್ ಮಾಡ್ದೆ ಮಗಾ? ಕೆಲ್ಸ ಹೋಯ್ತಾ?!"

"ಇಲ್ಲಮ್ಮ, ಅಂಜಲ್ ಸಿಕ್ತ್."

ಆಮೇಲೆ ಮುಕ್ಕಾಲು ಗಂಟೆ ಬರೀ ಮಸಾಲೆಯ ಮಾತು. ಹುಳಿ ಎಷ್ಟು ಹಾಕಬೇಕು ಅನ್ನುವಷ್ಟರಲ್ಲಿ ಬ್ಯಾಲೆನ್ಸ್ ಮುಗಿಯಿತು.