ಸಂಧಿಕಾರ್ಯ
ಸಂಧಿ ಎಂದೊಡನೆ ನನ್ನಂಥ ಕನ್ನಡ ಮೇಷ್ಟರಿಗೆ ನೆನಪಾಗುವುದು ಲೋಪ, ಆಗಮ, ಆದೇಶ. ‘ಊರು’ ‘ಅಲ್ಲಿ’ ಕೂಡುವಾಗ ಉಕಾರವೊಂದು ಸದ್ದಿಲ್ಲದೆ ಜಾಗ ಬಿಟ್ಟುಕೊಡುತ್ತದೆ, ‘ಊರಲ್ಲಿ’ ಆಗುತ್ತದೆ. ಯಾರಿಗೂ ನೋವಿಲ್ಲ. ಸೇತುವೆಯ ಸಂಧಿ ಅಷ್ಟು ಸಾಧುವಲ್ಲ.

ಅಮೆರಿಕದ ಓಕ್ಲೆಂಡ್ ನಗರದಲ್ಲಿ 1957ರಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಮೇಲುಸೇತುವೆ ತೆರೆಯಿತು. 1989ರ ಅಕ್ಟೋಬರ್ 17ರ ಸಂಜೆ ನೆಲ ಜೋರಾಗಿ ನಡುಗಿದ್ದು ಸುಮಾರು 15 ಸೆಕೆಂಡು. ಮೇಲಿನ ರಸ್ತೆ ಕೆಳಗಿನದರ ಮೇಲೆ ಕುಸಿದು 42 ಮಂದಿ ಸತ್ತರು. ಕೆಳಗಿನ ತೊಲೆಗೆ ಮೇಲಿನ ಕಂಬ ಕೂಡುವ ಸಂಧಿಯಲ್ಲೇ ಕಟ್ಟಡ ಸೋತಿತ್ತು. ಅಲ್ಲಿ ದಪ್ಪ ಸರಳುಗಳಿದ್ದವು. ಅವನ್ನು ಅಡ್ಡಲಾಗಿ ಸುತ್ತಿ ಬಿಗಿಯುವ ರಿಂಗುಗಳು ಸಾಲದಾಗಿದ್ದವು.

ಕಾಂಕ್ರೀಟು ಅದುಮಿದರೆ ತಾಳುತ್ತದೆ, ಎಳೆದರೆ ಸೀಳುತ್ತದೆ. ಭೂಮಿ ಕಂಪಿಸುವಾಗ ಸಂಧಿಯನ್ನು ಮೂಲೆಯಿಂದ ಮೂಲೆಗೆ ಎಳೆದಾಡುತ್ತದೆ. ಒತ್ತೊತ್ತಾಗಿ ಕಟ್ಟಿದ ರಿಂಗುಗಳು ಬಿರುಕು ಬಾಯಿಬಿಡದಂತೆ ಹಿಡಿದುಕೊಳ್ಳುತ್ತವೆ. ಕಂಬದ ತುದಿ ಬೇಕಾದರೆ ಬಾಗಲಿ, ಅಲ್ಲಿನ ಸರಳು ಹಿಗ್ಗಿ ನಡುಕದ ಬಲವನ್ನು ನುಂಗಲಿ, ಸಂಧಿ ಮಾತ್ರ ಸಡಿಲಬಾರದು—ಇದು ಈಗಿನ ಇಂಜಿನಿಯರರ ವ್ಯಾಕರಣ. ಲೋಪ ಎಲ್ಲಾಗಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಬಿಡುತ್ತಾರೆ!

ನಮ್ಮೂರ ಹೊರಗೆ ಈಗ ಸೇತುವೆಯ ಕೆಲಸ ನಡೆದಿದೆ. ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತ ಹುಡುಗನೊಬ್ಬ ಒಂದೊಂದು ರಿಂಗನ್ನೂ ತಂತಿಯಿಂದ ಬಿಗಿಯುತ್ತಾನೆ. ನಾಳೆ ಕಾಂಕ್ರೀಟು ಸುರಿದ ಮೇಲೆ ಅವನ ಕೆಲಸ ಯಾರ ಕಣ್ಣಿಗೂ ಬೀಳದು. ಒಂದೆರಡು ರಿಂಗು ಬಿಟ್ಟರೂ ಕೇಳುವವರಿಲ್ಲ, ನೆಲ ಕೇಳುವತನಕ.